ಹಿರಿಯರು ಕೂಗಿದ ಆ ಪದ

“ಯಾ ಶಬಾಬ್!” ನ್ಗಾರಾ ಸ್ಟಾಪಿನಲ್ಲಿ ನಮ್ಮ ಮಟಾಟು ವ್ಯಾನಿನ ಬಾಗಿಲಿಗೆ ಬಂದು ನಿಂತ ಸುಡಾನಿನ ಹಿರಿಯರೊಬ್ಬರು ಹೀಗೆ ಕೂಗಿದ್ದೇ ತಡ, ಒಳಗೆ ಕಿರುಚಾಟ ಶುರುವಾಯಿತು. ಊರಲ್ಲಿ ಬಾಂಬ್ ಸಿಡಿಸುವ ಉಗ್ರರ ಗುಂಪಿನ ಹೆಸರಲ್ಲೂ ಅದೇ ‘ಶಬಾಬ್’ ಇದೆ. ಕಂಡಕ್ಟರ್ ಅವರ ಕೊರಳಪಟ್ಟಿ ಹಿಡಿದ. ಅವರ ಕಾಲ ಬಳಿಯಿದ್ದ ಟ್ರಂಕ್ ನೋಡಿ, ನಾನು ಕಿಟಕಿಯಿಂದ ಹಾರಲು ಎದ್ದೇಬಿಟ್ಟೆ.

ನಮ್ಮ ಶಾಲೆಯಲ್ಲಿ ಅರಬ್ಬಿ ಕಲಿಸುವ ಮೈಸೂರಿನ ಫರ್ಜಾನಾ ನನ್ನ ಕೈ ಹಿಡಿದು ಜಗ್ಗಿದರು. “ಕೂತ್ಕೊಳ್ಳಿ ಮೇಡಂ! ‘ಹುಡುಗ್ರೇ’ ಅಂತ ಕರೆದ್ರು, ಅಷ್ಟೇ. ಟ್ರಂಕ್ ಎತ್ತೋಕಾಗ್ತಿಲ್ಲ ಅವ್ರಿಗೆ.” ಅದನ್ನೇ ಸ್ವಾಹಿಲಿಯಲ್ಲೂ ಕೂಗಿ ಹೇಳಿದರು. ಕಂಡಕ್ಟರ್ ಕೊರಳಪಟ್ಟಿ ಬಿಟ್ಟ.

ಇಳಿಯುವಾಗಲೂ ಆ ಹಿರಿಯರಿಗೆ ಟ್ರಂಕ್ ಎತ್ತಲಾಗಲಿಲ್ಲ. ಪಕ್ಕದಲ್ಲೇ ನಾಲ್ವರು ಹುಡುಗರಿದ್ದರು. ಈ ಸಲ ಹಿರಿಯರು ಬಾಯಿ ಬಿಡಲಿಲ್ಲ; ಟ್ರಂಕಿನತ್ತ ಬೆರಳು ತೋರಿಸಿ ಸುಮ್ಮನೆ ನಿಂತರು.