ಹಳೇಕೋಟೆಯಲ್ಲಿ ಇಟ್ಟ ಎಡೆ

ಮನೆಯೊಳಗೆ ಯಾರೂ ಇರಲಿಲ್ಲ. ಆದರೂ ನನ್ನನ್ನು ಒಳಗೆ ಬಿಡಲಿಲ್ಲ. ಬ್ಯಾಂಕಿನಿಂದ ಬಂದು ನೋಡಿದರೆ ಬಾಗಿಲು ಮುಚ್ಚಿದೆ, ಮನೆಮಂದಿಯೆಲ್ಲ ಹೊರಗಿನ ಜಗಲಿಯ ಮೇಲೆ ಮಾತಿಲ್ಲದೆ ಕುಳಿತಿದ್ದಾರೆ. ನನ್ನ ಬಾಡಿಗೆ ಕೋಣೆಗೆ ಹೋಗಲು ನಡುಮನೆ ದಾಟಬೇಕು. ಚಿಲಕಕ್ಕೆ ಕೈ ಹಾಕಿದೆ.

“ಒಸಿ ತಡೀರಿ ಮೇಡಂ, ಉಣ್ತಾವ್ರೆ,” ಎಂದರು ಮನೆಯೊಡತಿ ಜಯಮ್ಮ, ದನಿ ತಗ್ಗಿಸಿ.

“ಯಾರು ಉಣ್ಣಾಕತ್ತಾರ್ರಿ?”

“ನಮ್ಮತ್ತೆ ಮಾವ.”

ಅವರಿಬ್ಬರ ಹಾರ ಹಾಕಿದ ಫೋಟೋಗಳ ಕೆಳಗೇ ನಾನು ದಿನವೂ ಓಡಾಡುತ್ತಿದ್ದೆ. ನನ್ನ ಮುಖ ನೋಡಿ ಜಯಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. “ಬದ್ಕಿದ್ದಾಗ್ಲೂವೆ ಅಂಗೇ ಕಣಿ. ಉಣ್ಣೋವಾಗ ಯಾರಾರ ನೋಡುದ್ರೆ ನಮ್ಮತ್ತೆಗೆ ಆಯ್ತಿರ್ಲಿಲ್ಲ.”

ಹೊಳೇನರಸೀಪುರದ ಈ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟದ ಅಡುಗೆಯನ್ನು ಬಾಳೆಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರುತ್ತಾರೆ. ಇದಕ್ಕೆ ಎಡೆ ಇಕ್ಕುವುದು ಎನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಕೆಮ್ಮಿ, ಬಾಗಿಲು ತಟ್ಟಿ, ಆಮೇಲೆ ತೆರೆಯುತ್ತಾರೆ. ವಿಜಯಪುರದ ನನ್ನ ಕಿವಿಗೆ ‘ಇಕ್ಕು’ ಎಂಬುದೇ ಒರಟಾಗಿ ಕೇಳಿಸುತ್ತಿತ್ತು; ನಾವು ಊಟ ‘ನೀಡು’ವವರು. ರೊಟ್ಟಿಯನ್ನು ಕಟಕಟ ಕಡಿದು ಬೆಳೆದವಳಿಗೆ ರಾಗಿಮುದ್ದೆಯೂ ಕಷ್ಟವಾಯಿತು. “ಅಗೀಬ್ಯಾಡಿ, ಅದೇನ್ ಕಡ್ಲೇಕಾಯಾ? ನುಂಗಿ,” ಎಂದು ಜಯಮ್ಮ ಗದರುತ್ತಿದ್ದರು. ಈಗ ನುಂಗುತ್ತೇನೆ. ಅಭ್ಯಾಸವಾಗದೆ ಉಳಿದದ್ದು ಇಲ್ಲಿಯ ಸದ್ದು.

ನಮ್ಮ ಬಯಲುಸೀಮೆಯ ಊರಿನಲ್ಲಿ ತಲೆಯ ಮೇಲೆ ಏನೂ ಬೀಳುವುದಿಲ್ಲ. ಇಲ್ಲಿ ಚಾವಣಿಯ ಶೀಟಿನ ಮೇಲೆ ತೆಂಗಿನಕಾಯಿ ಬೀಳುತ್ತದೆ. ಮೊದಲ ಸಲ ಬಿದ್ದಾಗ ಜಯಮ್ಮ ನನ್ನನ್ನು ಮಂಚದ ಕೆಳಗಿನಿಂದ ಎಳೆದು ತೆಗೆದರು. “ಓದ್ದೋರು ಕಾಯಿಗೆಲ್ಲ ಇಂಗೆ ಎದ್ರುಕೊತಾರಾ?” ಎಂದು ನಕ್ಕವರು ನನ್ನ ಕೈ ಮುಟ್ಟಿ ನೋಡಿ ಪಕ್ಕದಲ್ಲೇ ಕುಳಿತರು.

ಇದಕ್ಕೂ ಮೊದಲು ನಾನು ಜಮ್ಮುವಿನ ಗಡಿ ಪಟ್ಟಣವೊಂದರ ಶಾಖೆಯಲ್ಲಿದ್ದೆ. ಪಾಸ್‌ಬುಕ್ಕಿನ ನೆಪ ಮಾಡಿಕೊಂಡು ಕನ್ನಡ ಮಾತಾಡಲು ಅಲ್ಲಿಗೆ ಒಬ್ಬ ಸೈನಿಕ ಬರುತ್ತಿದ್ದ. ಹೆಸರು ಮಂಜು, ಊರು ಹಳೇಕೋಟೆ. ಮೀಸೆ ಇನ್ನೂ ಸರಿಯಾಗಿ ಕಪ್ಪಾಗಿರಲಿಲ್ಲ. “ನಿಮ್ದೂ ಕನ್ನಡಾನೇನಾ ಅಕ್ಕಾ? ಜಗ್ಳ ಆಡ್ದಂಗೈತಲ್ಲ,” ಎಂದು ನನ್ನ ಮಾತಿಗೆ ನಗುತ್ತಿದ್ದ.

ಗಡಿಯಾಚೆಯಿಂದ ಫಿರಂಗಿ ಶೆಲ್ಲುಗಳು ಬಿದ್ದ ಬೆಳಗ್ಗೆ ನಮ್ಮನ್ನೆಲ್ಲ ಶಾಲೆಯ ನೆಲಮಾಳಿಗೆಗೆ ಇಳಿಸಿದವರಲ್ಲಿ ಅವನೂ ಇದ್ದ. ಮೊದಲು ಸಿಳ್ಳೆಯಂಥ ಸದ್ದು ಬರುತ್ತದೆ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲೇ ನಾನು ಇವತ್ತಿಗೂ ಸಿಕ್ಕಿಕೊಂಡಿದ್ದೇನೆ. ಧೂಳು ಇಳಿದಾಗ ಮಂಜು ಮೆಟ್ಟಿಲ ಮೇಲೆ ಅಂಗಾತ ಬಿದ್ದಿದ್ದ. ತುಟಿ ಆಡುತ್ತಿತ್ತು. ನನ್ನ ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿ ಬಾಯಿಗೆ ಬಿಟ್ಟೆ. ಸ್ವಲ್ಪ ಒಳಗೆ ಹೋಯಿತು, ಉಳಿದದ್ದು ಗಲ್ಲದ ಮೇಲೆ ಹರಿಯಿತು. ತುಟಿ ನಿಂತಿತು. ಯಾರೋ ನನ್ನನ್ನು ಒಳಕ್ಕೆ ಎಳೆದುಕೊಂಡರು. ಎರಡನೆಯದು ಬಿದ್ದದ್ದು ಅದೇ ಮೆಟ್ಟಿಲ ಮೇಲೆ.

ವರ್ಗಾವಣೆ ಕೇಳಿದಾಗ ಅರಕಲಗೂಡು, ಚನ್ನರಾಯಪಟ್ಟಣ, ಹೊಳೇನರಸೀಪುರ ಖಾಲಿ ಇವೆ ಎಂದರು. ಹಳೇಕೋಟೆಗೆ ಹತ್ತಿರವೆಂದು ಕೊನೆಯದನ್ನು ಆರಿಸಿಕೊಂಡೆ. ಆದರೆ ಹಳೇಕೋಟೆಯ ಬಸ್ಸು ದಿನವೂ ಬ್ಯಾಂಕಿನ ಮುಂದೆ ಹಾದುಹೋದರೂ ಹತ್ತಲು ಧೈರ್ಯ ಬಂದಿರಲಿಲ್ಲ.

ಎಡೆಯ ಆ ಸಂಜೆ, ಬಾಗಿಲು ತೆರೆದ ಮೇಲೆ ನನಗೆ ಬಡಿಸುತ್ತಾ ಜಯಮ್ಮ ಹೇಳಿದರು: “ಅಳೇಕೋಟೆ ಸಾಕಮ್ಮ ನಮ್ಗೆ ನೆಂಟ್ರಾಗ್ಬೇಕು. ಮಿಲ್ಟ್ರೀಲಿದ್ದ ಮಗ ಓಗ್ಬುಟ್ಟ. ಪೆಟ್ಗೆ ತೆಗ್ದು ಮಕ ತೋರುಸ್ಲಿಲ್ವಂತೆ. ಎಡೆ ಇಕ್ಕಕ್ಕೆ ಒಪ್ತಾನೇ ಇಲ್ಲ ಅವ್ಳು.”

ಮುರಿದ ತುತ್ತನ್ನು ಎಲೆಯಲ್ಲೇ ಬಿಟ್ಟೆ. “ಅವನ ಮಕ ನಾ ನೋಡೀನ್ರಿ,” ಎಂದೆ.

ಅಮಾವಾಸ್ಯೆಯ ಮಧ್ಯಾಹ್ನ ಇಬ್ಬರೂ ಹಳೇಕೋಟೆಗೆ ಹೋದೆವು. ಗೋಡೆಯ ಮೇಲೆ ಸಮವಸ್ತ್ರದ ಮಂಜು, ಹಾರವಿಲ್ಲದೆ. ಸಾಕಮ್ಮ ಅಳಲಿಲ್ಲ. ಕಂಬಕ್ಕೆ ಒರಗಿ ಕುಳಿತು ತಮ್ಮ ಸಂಕಟವನ್ನು ಲೆಕ್ಕ ಒಪ್ಪಿಸುವವರಂತೆ ಹೇಳಿದರು.

“ಬದ್ಕಿರೋ ಮಗಿಗೆ ಎಡೆ ಇಕ್ಕುದ್ರೆ ನಾನೇ ಕೊಂದಂಗೆ ಕಣವ್ವ. ಸತ್ತಿರೋನ್ಗೆ ಇಕ್ದೆ ಓದ್ರೆ, ಎಲ್ಲರ್ ಮನೇಲೂ ಉಣ್ಣೋ ದಿನ ಅವ್ನು ಅಸ್ಕೊಂಡು ಬಾಗ್ಲಲ್ಲಿ ನಿಂತಿರ್ತಾನೆ. ಯಾವ್ದ್ ಮಾಡ್ಲಿ ಯೋಳು.”

ಗಂಡ ನಿಂಗೇಗೌಡರು ಮುಖ ಆಚೆ ತಿರುಗಿಸಿದರು.

ನಾನು ಹೇಳಿದೆ. ಬ್ಯಾಂಕು, ಅವನ ನಗು, ಮೆಟ್ಟಿಲು. ಹೇಳುತ್ತಿರುವಾಗ ಸಿಳ್ಳೆ ಮತ್ತೆ ಕೇಳಿಸಿತು. ಎರಡು ಸಲ ತಲೆ ತಾನಾಗಿ ಬಗ್ಗಿತು. ಸಾಕಮ್ಮ ಕಾದರು.

“ಬಾಯ್ಗೆ ಯಾರಾರ ನೀರ್ ಬುಟ್ರಾ?”

“ನಾನೇ ಬಿಟ್ಟೆನ್ರಿ.”

“ಕುಡುದ್ನಾ?”

“ಸ್ವಲ್ಪ ಕುಡದಾನ್ರಿ.”

“ಬೆಚ್ಗಿತ್ತಾ, ತಣ್ಗಿತ್ತಾ?”

“ತಣ್ಣಗಿತ್ರಿ.”

“ತಣ್ಣೀರೇ ಬೇಕು ಅವ್ನ್ಗೆ. ಶೀತ ಆಗಿದ್ರೂ ಬುಡ್ತಿರ್ಲಿಲ್ಲ,” ಎಂದವರು ಬಹಳ ಹೊತ್ತು ನನ್ನ ಬಲಗೈಯನ್ನೇ ನೋಡಿದರು. ಎರಡನೆಯ ಶೆಲ್ಲಿನ ವಿಷಯ ನಾನು ಹೇಳಲಿಲ್ಲ, ಪೆಟ್ಟಿಗೆ ಯಾಕೆ ತೆರೆಯಲಿಲ್ಲವೆಂದು ಅವರೂ ಕೇಳಲಿಲ್ಲ. ಎದ್ದು ಗಂಡನಿಗೆ ಹೇಳಿದರು: “ಕೋಳಿ ಇಡ್ಕೊಂಬನ್ನಿ.”

ಸಂಜೆಯ ಹೊತ್ತಿಗೆ ಮುದ್ದೆ, ಕೋಳಿಸಾರು, ಮಡಿಕೆ ಬಿಚ್ಚದ ಹೊಸ ಟೀ ಶರ್ಟು. ನೀರಿನ ಲೋಟ ಇಡಲು ನನ್ನನ್ನು ಕರೆದರು. ಬಾಗಿಲು ಮುಚ್ಚಿ ಜಗಲಿಯಲ್ಲಿ ಕುಳಿತೆವು. ಊರೆಲ್ಲ ಹಾಗೆಯೇ ಕುಳಿತಿತ್ತು; ಬೀದಿಯ ಉದ್ದಕ್ಕೂ ಮುಚ್ಚಿದ ಬಾಗಿಲುಗಳು, ಅವುಗಳ ಮುಂದೆ ಉಸಿರು ಬಿಗಿಹಿಡಿದ ಜನ. ಒಳಗಡೆ ಲೋಟ ನೆಲದ ಮೇಲೆ ಸರಿದ ಸದ್ದಾಯಿತು.

“ಬೆಕ್ಕಿರಬೇಕ್ರಿ,” ಎಂದು ಪಿಸುಗುಟ್ಟಿದೆ.

“ನಮ್ಮನೇಲಿ ಬೆಕ್ಕಿಲ್ಲ ಕಣವ್ವ,” ಎಂದರು ನಿಂಗೇಗೌಡರು. ಅವರು ಆ ದಿನ ಆಡಿದ ಮಾತು ಅದೊಂದೇ.

ಆ ಸದ್ದಿಗೆ ನನ್ನ ತಲೆ ಬಗ್ಗಲಿಲ್ಲ. ಅದು ತಿಳಿದದ್ದು ಆಮೇಲೆ.

ಬಸ್ಸು ಹತ್ತಿಸುವಾಗ ಸಾಕಮ್ಮ ಹೇಳಿದರು: “ಬರೋ ವರ್ಸವೂ ಬಾ. ನೀರ್ ಮಡ್ಗೋಳು ನೀನೇ.”

ವಿಜಯಪುರಕ್ಕೆ ವರ್ಗ ಕೇಳುವ ಅರ್ಹತೆ ನನಗೆ ಮುಂದಿನ ಬೇಸಿಗೆಗೆ ಬರುತ್ತದೆ. ಅವ್ವ ದಿನವೂ ಫೋನು ಮಾಡುತ್ತಾಳೆ. ಅಲ್ಲಿ ಅದೇ ಅಮಾವಾಸ್ಯೆಯಂದು ಅಪ್ಪನ ಹೆಸರಿನಲ್ಲಿ ಮಾಳಿಗೆಯ ಮೇಲೆ ಅನ್ನ ಇಟ್ಟು ಕಾಗೆಗಾಗಿ ಕಾಯುತ್ತಾರೆ. ಮಗಳು ಇಡದಿದ್ದರೆ ಕಾಗೆ ಮುಟ್ಟುವುದಿಲ್ಲ, ಈ ಸಲವೂ ಕತ್ತಲಾಗುವವರೆಗೆ ಮುಟ್ಟಲಿಲ್ಲ ಎಂದಳು ಅವ್ವ. “ಮುಂದಿನ ವರ್ಷರ ಬಾ. ಅಲ್ಲಿ ನಿನಗ್ಯಾರ ಅದಾರ?”

ತಣ್ಣೀರಿಗೆ ಕಾಯುವವನೊಬ್ಬ ಇದ್ದಾನೆ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವಳು ಹೆದರಿಯಾಳೆಂದು ಹೇಳಲಿಲ್ಲ.