ಹೊಸನೀರಿಗೆ ತೇಲಿದ ಮೀನು

ಅಥಣಿ ಕಡೆಯ ನಮ್ಮ ದ್ರಾಕ್ಷಿ ತೋಟದ ಬದಿಗೆ ಒಂದು ಹಳ್ಳವಿದೆ. ಅದಕ್ಕೆ ಅಡ್ಡಲಾಗಿ ಸಣ್ಣದೊಂದು ಬಾಂದಾರ ಕಟ್ಟಿದ್ದರು. ಬಳ್ಳಿಗಳಿಗೆ ಮೋರಚೂದ ಎನ್ನುವ ಮೈಲುತುತ್ತ, ಹುಳದ ಔಷಧ ಹೊಡೆದ ಮೇಲೆ ಡ್ರಮ್ಮುಗಳನ್ನು ನಾನು ಆ ನೀರಿನಲ್ಲೇ ತೊಳೆಯುತ್ತಿದ್ದೆ. ಹತ್ತು ವರ್ಷ ತೊಳೆದೆ. ನೀಲಿಯಾದ ನೀರು ಮರುದಿನ ತಿಳಿಯಾಗುತ್ತಿತ್ತು. ತಳದ ರಾಡಿ ಮಾತ್ರ ವರ್ಷದಿಂದ ವರ್ಷಕ್ಕೆ ಹಸಿರುಗಟ್ಟುತ್ತಿತ್ತು. ನೋಡಿದ್ದೆ. ಮೇಲಿನ ನೀರು ತಿಳಿಯಾಗಿದೆಯಲ್ಲ ಎಂದು ಸುಮ್ಮನಿದ್ದೆ.

ಹಳ್ಳದ ಕೆಳಗಿನ ಹೊಲದಲ್ಲಿ ಅಣ್ಣನ ಮನೆ. ಅವ್ವ ತೀರಿಕೊಂಡಾಗ ನಾನು ಸಣ್ಣವನು. ನನ್ನನ್ನು ಬೆಳೆಸಿದವಳು ಅಣ್ಣನ ಹೆಂಡತಿ, ನಮ್ಮ ವೈನಿ. ಮಿರಗದ, ಅಂದರೆ ಮೃಗಶಿರಾ ಮಳೆಗೆ ಹಳ್ಳಕ್ಕೆ ಹೊಸನೀರು ಬಂದ ದಿನ ಮೀನು ತಿನ್ನುವುದು ನಮ್ಮಲ್ಲಿ ರೂಢಿ. ಅಂದು ವೈನಿ ಹಿಡಿದ ಮೀನಿನಲ್ಲಿ ಮೊದಲ ಪಾಲು ನನ್ನದು. ನನಗೆ ಮೊಮ್ಮಕ್ಕಳಾದ ಮೇಲೂ ಅದು ತಪ್ಪಿರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನ ಒಂದು ವರ್ಷ ಮಿರಗ ಗುಡುಗಿ ಸುರಿಯಿತು. ಮಳೆ ನಿಂತ ಮೇಲೆ ವೈನಿ ಬುಟ್ಟಿ ಹೊತ್ತು ಬಂದಳು.

"ಈ ಸಲ ಬಲೀನೂ ಬೇಕಾಗಲಿಲ್ಲ ನೋಡ ತಮ್ಮಾ. ತಾವ ತೇಲಿ ದಂಡಿಗೆ ಬಂದಿದ್ದುವು. ಹಸನ ಮಾಡೇ ತಂದೀನಿ. ನಿನ್ನ ಹೆಂಡತಿ ಕೈಯಾಗ ಕೊಟ್ರ ಕರಳ ಸಮೇತ ಕುದಿಸ್ತಾಳ."

"ಕೇಳಸ್ತೈತ್ರಿ ಅಕ್ಕಾ," ಎಂದಳು ಒಳಗಿಂದ ನನ್ನ ಹೆಂಡತಿ.

ತಾವೇ ತೇಲಿ ಬಂದವು ಎಂಬ ಮಾತು ಕಿವಿಯಲ್ಲಿ ಉಳಿಯಿತು. ವೈನಿ ಹೋದ ಮೇಲೆ ಹಳ್ಳಕ್ಕೆ ಹೋಗಿ ನೋಡಿದೆ. ಬಾಂದಾರದ ಒಂದು ಮಗ್ಗುಲು ಕಿತ್ತುಹೋಗಿತ್ತು. ಹಸಿರು ರಾಡಿ ಒಂದು ಹಿಡಿಯೂ ಉಳಿದಿರಲಿಲ್ಲ, ಬರೀ ಬಂಡೆ. ಹತ್ತು ವರ್ಷ ತಳದಲ್ಲಿ ಕೂತಿದ್ದ ವಿಷವನ್ನು ಒಂದೇ ಮಳೆ ಕಲಕಿ ಎಬ್ಬಿಸಿ ವೈನಿಯ ಬಾಗಿಲಿಗೆ ಒಯ್ದಿತ್ತು.

ಮನೆಗೆ ಓಡಿ ನಮ್ಮ ಪಾಲಿನ ಮೀನನ್ನು ಮೊದಲು ಹೂಳಿದೆ. ವೈನಿಗೆ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿ ಒಂದು ಬೀಡಿ ಸೇದುವಷ್ಟು ಹೊತ್ತು ಕಟ್ಟೆಯ ಮೇಲೆ ಕೂತೆ. ಡ್ರಮ್ಮು ತೊಳೆದದ್ದು ತಿಳಿಯದೆ ಮಾಡಿದ್ದು ಎನ್ನಬಹುದು. ಹೀಗೆ ಕೂತದ್ದನ್ನು ಏನೆನ್ನಲಿ?

ಕೊನೆಗೆ ಎದ್ದು ಹೋದೆ. ಸಾರು ಕುದಿಯುತ್ತಿತ್ತು. ಅಣ್ಣ ತಾಟಿನ ಮುಂದೆ ಕೂತಿದ್ದ.

"ವೈನಿ, ಗಡಗಿ ಇಳಸ್ರಿ. ಔಷಧದ ಡ್ರಮ್ಮು ನಾ ಹಳ್ಳದಾಗ ತೊಳೀತಿದ್ದೆ. ಅದ ಹರದ ಬಂದು ಮೀನ ಸತ್ತಾವ."

ಅವಳು ಸೌಟು ಕೆಳಗಿಟ್ಟಳು. "ನಿನ್ನ ಪಾಲ?"

"ಆಗಳೇ ಹೂಳಿ ಬಂದೀನ್ರಿ."

"ಆಗಳೇ," ಎಂದಳು. ಆಮೇಲೆ ಗಡಿಗೆ ಇಳಿಸಿ, ಅಣ್ಣನ ತಾಟಿಗೆ ಚಟ್ನಿ ಹಾಕಿ, ಸಲಿಕೆ ನನ್ನ ಕೈಗೆ ಕೊಟ್ಟಳು. "ಲಗೂನ ಹೂಳು. ಮೀನ ಹಿಡದಾವ್ರು ನಾವೊಬ್ರ ಅಲ್ಲ. ಮನಿಮನಿಗೆ ಹೋಗಿ ನೀನ ಹೇಳಬೇಕು. ನಾ ಜೋಡಿ ಬರ್ತೀನಿ."

ದಂಡೆಯ ಏಳು ಮನೆಗೂ ಹೋದೆವು. ದೇವರ ದಯೆ, ಯಾರೂ ಇನ್ನೂ ಉಂಡಿರಲಿಲ್ಲ. ಕೊನೆಯ ಮನೆಯ ಮುದುಕಿ ನನ್ನ ವಂಶವನ್ನೆಲ್ಲ ಎತ್ತಿ ಬೈಯತೊಡಗಿದಳು.

"ಬೈಯ್ರಿ ಅತ್ತಿ," ಎಂದಳು ವೈನಿ, "ಬೈಸಾಕ ಕರಕೊಂಡ ಬಂದೀನಿ."

ಮುದುಕಿ ಬೈದು ಮುಗಿಸುವವರೆಗೂ ಅವಳು ನನ್ನ ರಟ್ಟೆ ಬಿಡಲಿಲ್ಲ.