ತನ್ನ ಡೋಲನ್ನು ತಾನೇ ಹೊರಬಾರದು

ಅಂಪೊನ್ಸಾನನ್ನು ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟು. 2001ರ ಬೇಸಿಗೆ. ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಸೊಂಟದೆತ್ತರದ ಎರಡು ಡೋಲುಗಳ ಪಕ್ಕ ಕೈಕಟ್ಟಿ ನಿಂತಿದ್ದ, ಮದುವೆಗೆ ಬಂದ ಬೀಗರ ಹಾಗೆ. ವ್ಯಾನಿನ ಸ್ಟೀರಿಂಗ್ ಹಿಂದೆ ತುಂಬುಬಸುರಿ ಹೆಂಡತಿ ಕಂಫರ್ಟ್ ಹಾರ್ನ್ ಹೊಡೆಯುತ್ತಲೇ ಇದ್ದಳು. ಆಸಾಮಿ ಮಾತ್ರ ಡೋಲು ಮುಟ್ಟಲಿಲ್ಲ.

"ಎಂತ ಸೊಕ್ಕು ಮಾರಾಯ್ರೆ ಇವನದ್ದು! ಎತ್ತಿ ಇಡ್ಲಿಕ್ಕೆ ಕೈ ಇಲ್ವಾ?" ಎಂದು ಬಾಲ್ಕನಿಯಲ್ಲಿ ನಿಂತು ಬೈದೆ. ನನ್ನ ಗಂಡ ಸುಬ್ರಾಯರಿಗೆ ಊರ ಉಸಾಬರಿಯೆಲ್ಲ ಬೇಕು. ಇಳಿದು ಹೋಗಿ ಎರಡೂ ಡೋಲು ವ್ಯಾನಿಗೆ ಏರಿಸಿ, ಬೆವರು ಒರೆಸಿಕೊಳ್ಳುತ್ತ ಬಂದರು.

"ಅವರಲ್ಲಿ ಬಾರಿಸುವವ ತನ್ನ ಡೋಲು ತಾನೇ ಹೊರಬಾರದಂತೆ. ಹೊತ್ರೆ ಬುದ್ಧಿ ಕೆಡ್ತದಂತೆ."

"ಅದು ಆಗಲೇ ಕೆಟ್ಟ ಹಾಗಿದೆ," ಅಂದೆ.

ಸೊಕ್ಕಲ್ಲ, ಅದು ಅವನ ವ್ರತ ಎಂದು ತಿಳಿಯಲು ನನಗೆ ಕೆಲವು ವಾರ ಬೇಕಾಯಿತು. ಅಂಪೊನ್ಸಾ ಘಾನಾ ದೇಶದ ಅಶಾಂಟಿ ಸೀಮೆಯವನು. ಅವನ ಸೋದರಮಾವ ಅಲ್ಲಿನ ಊರ ದೊರೆಯ ಡೋಲಿನವನು. ಆ ಡೋಲುಗಳು ತಾಳ ಹಾಕುವುದಕ್ಕಲ್ಲ, ಮಾತಾಡುವುದಕ್ಕೆ. ಅವರ ಭಾಷೆಯಲ್ಲಿ ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಏರುದನಿ ಹೆಣ್ಣುಡೋಲಿನದು, ಇಳಿದನಿ ಗಂಡುಡೋಲಿನದು. ಎರಡೂ ಸೇರಿದರೆ ಮಾತು. ಬಾರಿಸುವ ಮೊದಲು, ಡೋಲಿಗಾಗಿ ಕಡಿದ ಮರದ ಹತ್ತಿರ ಕ್ಷಮೆ ಕೇಳಬೇಕು. ಇದನ್ನೆಲ್ಲ ಮಾವ ಅವನಿಗೆ ಬೆನ್ನ ಮೇಲೆ ಬೆರಳಿಂದ ತಟ್ಟಿ ತಟ್ಟಿ ಕಲಿಸಿದ್ದರು.

"ನಮ್ಮಲ್ಲಿ ಅಪ್ಪನದ್ದು ಮಗನಿಗೆ ಬರುವುದಿಲ್ಲ ಸಿಸ್ಟರ್. ಮಾವನದ್ದು ಅಳಿಯನಿಗೆ, ಅಕ್ಕತಂಗಿಯ ಮಗನಿಗೆ ಬರ್ತದೆ," ಎಂದು ಅವನು ಒಂದು ದಿನ ಬಿಡಿಸಿ ಹೇಳಲು ಹೊರಟಾಗ ನನಗೆ ನಗು ತಡೆಯಲಿಲ್ಲ. ಕಾರ್ಕಳದ ಬಂಟರ ಮನೆಯ ವಾರಿಜಾಕ್ಷಿಯಾದ ನನಗೆ ಅಳಿಯಸಂತಾನದ ಪಾಠವೇ! ನಮ್ಮಲ್ಲೂ ಹಾಗೆಯೇ ಇತ್ತು ಎಂದೆ. ಅವನು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡ. ಆಮೇಲೆ ನಮ್ಮ ಮನೆಯ ಮೀನುಸಾರು ಅವನ ಹಕ್ಕಾಯಿತು.

ನೃತ್ಯತಂಡವೊಂದರ ಜೊತೆ ಬಂದವನು, ತಂಡ ವಾಪಸಾದರೂ ಇಲ್ಲೇ ಉಳಿದಿದ್ದ. ವಾರವಿಡೀ ಪಕ್ಕದ ಊರು ಕೊಲಂಬಿಯಾದ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಊರವರ ಪೆಟ್ಟಿಗೆಯೆಲ್ಲ ಹೊರುವವನು ತನ್ನ ಡೋಲು ಮಾತ್ರ ಹೊರುವುದಿಲ್ಲ! ಶನಿವಾರ ಬಂತೆಂದರೆ ಅವನ ಗತ್ತೇ ಬೇರೆ. ಅಟ್ಲಾಂಟಾದಲ್ಲಿ, ಶಾರ್ಲಟ್ಟಿನಲ್ಲಿ ಯಾವ ಘಾನಾದವರು ತೀರಿಕೊಂಡರೂ ಅವನಿಗೆ ಕರೆ ಬರುತ್ತಿತ್ತು. ಸತ್ತವರ ತಾಯಿಯ ಕಡೆಯ ಹಿರಿಯರ ಹೆಸರು ಕೇಳಿ ತಿಳಿದು, ಒಬ್ಬೊಬ್ಬರನ್ನೇ ಡೋಲಿನಲ್ಲಿ ಕರೆಯುತ್ತಿದ್ದ. ಒಮ್ಮೆ ಶಾರ್ಲಟ್ಟಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಬ್ಯಾಂಕಿನ ದೊಡ್ಡ ಅಧಿಕಾರಿಯೊಬ್ಬರು ಡೋಲಿನಲ್ಲಿ ತಾಯಿಯ ಹೆಸರು ಕೇಳಿದ್ದೇ ಸೂಟಿನಲ್ಲೇ ನೆಲಕ್ಕೆ ಕೂತು ಅತ್ತರಂತೆ. ಡೋಲು ಹೊರಲು ಹೋಗಿದ್ದ ಸುಬ್ರಾಯರು ಬಂದು ಹೇಳಿದರು. ಹೇಳುವಾಗ ಇವರ ಕಣ್ಣೂ ತುಂಬಿತ್ತು.

2005ರಲ್ಲಿ ಮಾವ ತೀರಿಕೊಂಡರು.

ನಮ್ಮಲ್ಲಾದರೆ ಸಂಜೆಯೊಳಗೆ ಬೆಂಕಿ ಇಡುತ್ತಾರೆ. ಅವರಲ್ಲಿ ಬರಬೇಕಾದವನು ಬರುವವರೆಗೂ ಹೆಣವನ್ನು ಶವಾಗಾರದಲ್ಲಿ ಕಾಯಿಸುತ್ತಾರೆ, ತಿಂಗಳುಗಟ್ಟಲೆ. ಬರಬೇಕಾದವನು ಅಂಪೊನ್ಸಾ. ಸಂಸ್ಕಾರದ ದಿನ ಮಾವನ ಹೆಸರನ್ನು ಡೋಲಿನಲ್ಲಿ ಮೊದಲು ಕರೆದವನಿಗೇ ಮಾವನ ಡೋಲು, ಮಾವನ ಪೀಠ. ಆದರೆ ಅವನ ವೀಸಾ ಮುಗಿದು ವರ್ಷಗಳಾಗಿದ್ದವು. ಕಂಫರ್ಟ್ ಇಲ್ಲಿಯ ಪ್ರಜೆಯಾದ್ದರಿಂದ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದರು. ಅವಳಿ ಗೋಪುರಗಳು ಬಿದ್ದ ಮೇಲೆ ಎಲ್ಲವೂ ಆಮೆನಡಿಗೆ. ಈಗ ದೇಶ ಬಿಟ್ಟರೆ ಹತ್ತು ವರ್ಷ ವಾಪಸ್ ಬರುವ ಹಾಗಿಲ್ಲ ಎಂದು ವಕೀಲರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಮಗಳು ಅಬೆನಾಗೆ ಆಗ ನಾಲ್ಕು ವರ್ಷ. ನಮ್ಮ ಅಡುಗೆಮನೆಯಲ್ಲಿ ಕೂತು, ಅವಳು ಬಿಟ್ಟುಹೋದ ಶೂ ಕೈಯಲ್ಲಿ ಹಿಡಿದು ಕೇಳಿದ: "ಹೋದ್ರೆ ಇವಳು ಹೋದಳು. ಹೋಗದಿದ್ರೆ ಮಾವ ಹೋದ್ರು. ನೀನಾದ್ರೆ ಎಂತ ಮಾಡ್ತಿ ಸಿಸ್ಟರ್?"

ಇವರು "ಫೋನಿನಲ್ಲಿ ಬಾರಿಸಿದ್ರೆ ಆಗ್ಲಿಕ್ಕಿಲ್ವಾ?" ಅಂದರು. ಅವನು ಘಾನಾಕ್ಕೆ ಫೋನ್ ಮಾಡಿ ಊರಿನ ಹಿರಿಯರನ್ನು ಕೇಳಿದ. ಅವರು ಒಪ್ಪಿಬಿಟ್ಟರು!

ಸಂಸ್ಕಾರದ ದಿನ, ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ, ಹತ್ತಿರದ ಚರ್ಚೊಂದರ ಹಾಲ್ ಕೇಳಿ ಪಡೆದೆವು. ಸುಬ್ರಾಯರು ಡೋಲು ಹೊತ್ತು ತಂದರು. ಅವನು ಕಪ್ಪು ಬಟ್ಟೆಯನ್ನು ಭುಜದ ಮೇಲೆ ಹೊದ್ದು, ಮರಕ್ಕೆ ಕ್ಷಮೆ ಕೇಳಿ, ಬಾಗಿದ ಕೋಲುಗಳನ್ನು ಕೈಗೆ ತೆಗೆದುಕೊಂಡ. ನನ್ನ ಸೆಲ್‌ಫೋನನ್ನು ನಾನು ಡೋಲುಗಳ ನಡುವೆ ಹಿಡಿದೆ. ಅತ್ತ ಅವನ ತಂಗಿ ತನ್ನ ಫೋನನ್ನು ಮೈಕಿಗೆ ಹಿಡಿದಿದ್ದಳು. ಊರಿಗೆ ಊರೇ ಬಂದು ಕಾದಿತ್ತು.

ಅಂಥ ಬಾರಿಸುವಿಕೆಯನ್ನು ನಾನು ಮತ್ತೆ ಕೇಳಿಲ್ಲ. ಹಾಲಿನ ಕುರ್ಚಿಗಳು ನಡುಗಿದವು. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕೈ ಮಾತ್ರ ತಪ್ಪಲಿಲ್ಲ. ನಿಲ್ಲಿಸಿದಾಗ ಫೋನಿನಿಂದ ತಂಗಿಯ ದನಿ ಬಂತು. ಅವನ ಮುಖ ಕಪ್ಪಿಟ್ಟಿತು.

"ಒಂದೇ ಡೋಲು ಕೇಳ್ತಿದೆಯಂತೆ. ಹೆಣ್ಣು ಮಾತ್ರ. ಗಂಡು ಹೋಗ್ತಾ ಇಲ್ಲ."

ದರಿದ್ರ ಫೋನು! ಇಳಿದನಿಯನ್ನು ಪೂರ್ತಿ ನುಂಗಿಬಿಟ್ಟಿತ್ತು. ಅರ್ಧ ಮಾತು ಹೋದರೆ ಹೆಸರು ಹೆಸರಾಗುವುದಿಲ್ಲ. ಇದು ಯಾರ ಹೆಸರು, ಯಾವ ಭಾಷೆ ಎಂದು ಹಿರಿಯರು ಕೇಳುತ್ತಿದ್ದರಂತೆ. ಮತ್ತೆ ಬಾರಿಸಿದ. ಗಂಡುಡೋಲಿನ ಅಡಿಗೇ ಫೋನ್ ಇಟ್ಟು ಇನ್ನೊಮ್ಮೆ ಬಾರಿಸಿದ. ಅತ್ತ ಬರೀ ಗೊರಗೊರ. ಬಿಸಿಲು ಏರುತ್ತಿದೆ, ಮಾವನನ್ನು ಇನ್ನು ಕಾಯಿಸಲಾಗದು ಎಂದಳು ತಂಗಿ.

ಸ್ವಲ್ಪ ಹೊತ್ತಿಗೆ ಫೋನಿನೊಳಗಿಂದ ಡೋಲಿನ ಸದ್ದು ಬಂತು. ಅವನ ಚಿಕ್ಕಮ್ಮನ ಮಗ, ಮಾವನ ಇನ್ನೊಬ್ಬ ಅಳಿಯ, ಕೋಲು ಕೈಗೆತ್ತಿಕೊಂಡಿದ್ದ. ನಮಗೆ ಕೇಳಿದ್ದೂ ಅರ್ಧವೇ, ಬರೀ ಹೆಣ್ಣುಡೋಲು. ಅಂಪೊನ್ಸಾ ಮಂಡಿಯೂರಿ ಕೂತು ಕಿವಿಗೊಟ್ಟು ಕೇಳಿದ. ಉಳಿದರ್ಧವನ್ನು ಅವನ ಕೈ ತೊಡೆಯ ಮೇಲೆ ತಟ್ಟುತ್ತಿತ್ತು.

"ಚೆನ್ನಾಗಿ ಬಾರಿಸ್ತಾನೆ," ಅಂದ. ನನಗೆ ಎದೆ ಒಡೆದುಹೋಯಿತು.

2008ರಲ್ಲಿ ಗ್ರೀನ್ ಕಾರ್ಡ್ ಬಂತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಸಿಕ್ಕಿದ ಮೊದಲ ವಿಮಾನ ಹಿಡಿದು ಊರಿಗೆ ಹೋದ. ಪೀಠ ಏರಿದ್ದ ಚಿಕ್ಕಮ್ಮನ ಮಗ ಮರ್ಯಾದೆಯಲ್ಲೇನೂ ಕಡಿಮೆ ಮಾಡಲಿಲ್ಲವಂತೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ, ಕುರಿ ಕಡಿಸಿದ. ಕೋಲು ಮಾತ್ರ ಕೊಡಲಿಲ್ಲ. ಕೊಡುವ ಹಾಗೂ ಇರಲಿಲ್ಲ, ಪೀಠ ಏರಿದವನದ್ದೇ ಡೋಲು. ಅಂಪೊನ್ಸಾ ಮಾವನ ಸಮಾಧಿಯ ಹತ್ತಿರ ಬರಿಗೈಯಲ್ಲಿ ನಿಂತು, ಬಾಯಿಮಾತಿನಲ್ಲಿ ಹೆಸರು ಕರೆದು ಬಂದ.

ವಾಪಸ್ ಬಂದ ಮೇಲೆ ಅಟ್ಲಾಂಟಾದಿಂದ ಸಾವಿನ ಕರೆ ಬಂದಾಗ, "ಬೇರೆಯವರನ್ನು ನೋಡಿಕೊಳ್ಳಿ," ಅಂದನಂತೆ. ಕಂಫರ್ಟ್ ಬಂದು ನನ್ನ ಮುಂದೆ ಅತ್ತಳು. ಕೊಲಂಬಿಯಾದ ಒಂದು ಶಾಲೆಗೆ ಡೋಲುಗಳನ್ನು ಕೊಡುತ್ತಾನೆ ಎಂದಳು.

ಆ ಶನಿವಾರ ನಾನು ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅಂಪೊನ್ಸಾ ಮೆಟ್ಟಿಲು ಇಳಿದು ಬಂದ. ಗೋದಾಮಿನ ಪೆಟ್ಟಿಗೆ ಹೊರುವ ಹಾಗೆಯೇ ಹೆಗಲ ಮೇಲೆ ಗಂಡುಡೋಲು ಹೊತ್ತಿದ್ದ. "ಅಯ್ಯೋ, ಇವರೇ!" ಎಂದು ಕೂಗಿದೆ. ಸುಬ್ರಾಯರು ಬರಿಗಾಲಲ್ಲಿ ಓಡಿದರು.

"ಬ್ರದರ್, ಕೊಡಿ ಇಲ್ಲಿ. ನಾನು ಹೊರ್ತೇನೆ."

"ಬೇಡ ಬ್ರದರ್," ಅಂದ ಅವನು, ಮೆಲ್ಲಗೆ. "ಹೊರಬಾರದ್ದು ಬಾರಿಸುವವ. ನಾನು ಹೊರಬಹುದು."

ಡೋಲನ್ನು ವ್ಯಾನಿನಲ್ಲಿಟ್ಟು, ಇನ್ನೊಂದನ್ನು ತರಲು ಅವನೇ ಮತ್ತೆ ಮೆಟ್ಟಿಲು ಹತ್ತಿದ. ಬಾಲ್ಕನಿಯಲ್ಲಿ ನಿಂತು ನಾನು ಗೊಳೋ ಎಂದು ಅತ್ತುಬಿಟ್ಟೆ.